ಗಳಗನಾಥರ ಪತ್ರಿಕಾಸಂಪಾದಕತ್ವವೂ ಗಡಿಸೀಮೆಯ ವಾಚಕವರ್ಗವೂ

೧. ಪ್ರಸ್ತಾವನೆ

ಕಲಬುರ್ಗಿ ಜಿಲ್ಲೆಯ ಆಳಂದ ತಾಲ್ಲೂಕು ಕನ್ನಡನಾಡಿನ ಬಡಗಣ ಅಂಚಿನಲ್ಲಿರುವುದು. ಅದರ ಒಂದು ಮಗ್ಗುಲಿಗೆ ಅಕ್ಕಲಕೋಟೆ, ಸೊಲ್ಲಾಪುರಗಳೂ, ಇನ್ನೊಂದು ಮಗ್ಗುಲಿಗೆ ಉಸ್ಮಾನಾಬಾದು ಎಂದು ಹೆಸರಾಗಿದ್ದು ೨೦೨೩ರಿಂದ ಧಾರಾಶಿವವೆನಿಸಿದ ಜಿಲ್ಲೆಯೂ ಇವೆ. ಈ ಸೀಮೆಯಲ್ಲಿ ಹರಿಯುವ ಅಮರಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವುದು. ಆ ಸಂಗಮಕ್ಷೇತ್ರದಲ್ಲಿ ನೆಲೆಸಿದ್ದ ನೃಸಿಂಹಸರಸ್ವತೀ ಯತಿಗಳ ಮಹಿಮೆಯನ್ನು ನಿರೂಪಿಸುವ ‘ಗುರುಚರಿತ್ರೆ’ಯು ಮರಾಠೀ ಜನರಲ್ಲಿ ಮನೆಮನೆಗೂ ಪರಿಚಿತವಾದ ಪಾರಾಯಣಗ್ರಂಥ. ಓವೀ ಛಂದಸ್ಸಿನಲ್ಲಿ ಅದನ್ನು ರಚಿಸಿದ ಸರಸ್ವತೀ ಗಂಗಾಧರನಾದರೋ ಇದೇ ಆಳಂದ ತಾಲ್ಲೂಕಿನ ಕಡಗಂಚಿಯ ಸಾಯಂದೇವನ ವಂಶದವನು. ತನಗೆ ಮಹಾರಾಷ್ಟ್ರಭಾಷೆ ಚೆನ್ನಾಗಿ ಬಾರದೆಂದು ಅವನೇ ಗ್ರಂಥಾರಂಭದಲ್ಲಿ ವಿನಯದಿಂದ ಹೇಳಿಕೊಂಡಿರುವನು. ಮರಾಠೀ ಓವಿಗಳ ನಡುವೆ ಗುರುಸ್ತುತಿಯ ಕನ್ನಡ ಪದಗಳೂ ಸೇರಿಕೊಂಡಿರುವುವು. ಕನ್ನಡದ ಮನೆತನದವನೊಬ್ಬನು ಕನ್ನಡ ನೆಲದ ಕಥೆಯನ್ನು ಮರಾಠಿಗೆ ಕೊಟ್ಟನೆಂಬುದು ಗಡಿನಾಡಿನ ಸಾಹಿತ್ಯಚರಿತ್ರೆಯಲ್ಲಿ ಲಕ್ಷ್ಯದಲ್ಲಿಡತಕ್ಕ ಸಂಗತಿ.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಸಂಪ್ರದಾಯ. ಗ್ರಂಥಕ್ಕೆ ಅಧಿಕಾರಿಯಾದವನು, ಎಂದರೆ ಅದನ್ನು ಓದಲು ಅರ್ಹನೂ ಅಪೇಕ್ಷೆಯುಳ್ಳವನೂ ಆದವನು, ಮೊದಲೇ ಇರುವನೆಂದು ಶಾಸ್ತ್ರಕಾರನು ಭಾವಿಸುತ್ತಾನೆ. ಕಥೆಯ ವಿಷಯದಲ್ಲಿಯೂ ಹಾಗೆಯೇ. ಕೇಳುವವರಿದ್ದ ಕಡೆಗೆ ಕಥೆ ಹರಿಯುವುದು. ಮುದ್ರಣಯುಗವು ಬಂದಾಗ ಉತ್ತರ ಕರ್ನಾಟಕದಲ್ಲಿ ಕನ್ನಡ ಮಾತನಾಡುವವರು ಲಕ್ಷಾಂತರವಾಗಿದ್ದರು. ಕನ್ನಡ ಗದ್ಯಕಥೆಯನ್ನು ಹಣ ಕೊಟ್ಟು ತರಿಸಿ ಓದುವ ಅಧಿಕಾರಿವರ್ಗವು ಮಾತ್ರ ಅತ್ಯಲ್ಪವಾಗಿತ್ತು. ಇಂಥ ಕಾಲದಲ್ಲಿ ಕಥೆಯನ್ನು ಬರೆಯುವ ಕೆಲಸಕ್ಕಿಂತ ಕಥೆಯ ಓದುಗನನ್ನು ನಿರ್ಮಿಸುವ ಕೆಲಸವೇ ಹೆಚ್ಚು ಕಷ್ಟವಾದುದು. ಆ ಎರಡು ಕೆಲಸಗಳನ್ನೂ ಒಟ್ಟಿಗೆ ಹೊತ್ತವರು ‘ಗಳಗನಾಥ’ರೆಂಬ ಕಾವ್ಯನಾಮದಿಂದ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨). ಅವರ ಸಂಪಾದಕತ್ವದ ಸ್ವರೂಪವೇನು, ಆಳಂದದಂಥ ಗಡಿಸೀಮೆಯ ದೃಷ್ಟಿಯಿಂದ ಅದಕ್ಕೆ ಯಾವ ಬೆಲೆಯುಂಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨. ಪೂರ್ವಪರಿಸ್ಥಿತಿ

ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ರಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಟಿತು. ಅದು ಪಶ್ಚಿಮ ಸಮುದ್ರತೀರದ ಮಾತು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ವಿಜಾಪುರ, ಬೆಳಗಾವಿ ಪ್ರಾಂತಗಳಲ್ಲಿ ಬಹುಕಾಲ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಮರಾಠಿಯೇ ಪ್ರಬಲವಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರೇ ಮೊದಲಾದವರ ಪ್ರಯತ್ನದಿಂದ ಕನ್ನಡ ಶಾಲೆಗಳು ಬೆಳೆದುವು. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ೧೮೯೬ರಲ್ಲಿ ಆ ಸಂಘದ ‘ವಾಗ್ಭೂಷಣ’ ಪತ್ರಿಕೆಯು ಹುಟ್ಟಿತು. ಅಕ್ಷರ ಕಲಿತ ಕನ್ನಡಿಗರ ತಲೆಮಾರೊಂದು ಹೀಗೆ ಸಿದ್ಧವಾಯಿತೇ ಹೊರತು, ಆ ತಲೆಮಾರಿನ ವಿರಾಮಕಾಲದ ಓದಿಗೆ ತಕ್ಕ ಸಾಮಗ್ರಿಯು ಕನ್ನಡದಲ್ಲಿ ವಿರಳವಾಗಿತ್ತು.

ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಆಳಂದ, ಅಫಜಲಪುರ, ಜೇವರ್ಗಿಗಳ ಸ್ಥಿತಿಯು ಇದಕ್ಕಿಂತಲೂ ಕಠಿನವಾದುದು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದು ರಾಜಭಾಷೆಯಾಯಿತು; ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಶಿಕ್ಷಣಭಾಷೆಯೂ ಉರ್ದುವೇ. ಪುಣೆ, ಸೊಲ್ಲಾಪುರಗಳ ಮೇಲೆ ರಾಯಚೂರಿಗೆ ಹೋಗುವ ರೈಲುದಾರಿಯು ೧೮೭೧ರಲ್ಲಿಯೇ ಕಲಬುರ್ಗಿಯನ್ನು ಮುಟ್ಟಿದ್ದುದರಿಂದ ಪುಣೆಯ ಮರಾಠೀ ಪತ್ರಿಕೆಗೆ ನೇರವಾದ ಹಾದಿಯಿತ್ತು. ಹಾವೇರಿಯ ಕಡೆಯಿಂದ ಹೊರಟ ಕನ್ನಡ ಪತ್ರಿಕೆಯು ರೈಲಿನ ಮೂಲಕ ಬರಬೇಕಾದರೆ ಗದಗು, ವಿಜಾಪುರ, ಹೊಟಗಿಗಳನ್ನು ಸುತ್ತಿಕೊಂಡು ಬರಬೇಕು. ಮೇಲಾಗಿ ನಿಜಾಮ ಸಂಸ್ಥಾನಕ್ಕೆ ತನ್ನದೇ ಆದ ಅಂಚೆಯೂ ಇತ್ತು. ಭಾಷೆಯ ಬಲಾಬಲವನ್ನು ಕವಿಗಳ ಸಂಖ್ಯೆಯಿಂದ ಅಳೆಯುವುದು ವಾಡಿಕೆ. ರೈಲುದಾರಿ, ಅಂಚೆ, ಶಾಲೆ ಇವುಗಳಿಂದಲೂ ಅದನ್ನು ಅಳೆಯಬೇಕಾಗುವುದು.

ಹಾಗೆಂದು ಈ ಸೀಮೆಯಲ್ಲಿ ಕಥನಕ್ಕೆ ಬರವಿತ್ತೆಂದು ತಿಳಿಯಬಾರದು. ಪುರಾಣಪ್ರವಚನ, ಸಪ್ತಾಹಪಾರಾಯಣ, ಭಜನೆ, ಬಯಲಾಟಗಳಿದ್ದುವು. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳು ಅಕ್ಷರವರಿಯದವರ ನಾಲಗೆಯ ಮೇಲೂ ನಲಿಯುತ್ತಿದ್ದುವು. ಕೇಳುವ ಕಿವಿಯು ಸಿದ್ಧವಾಗಿತ್ತು, ಓದುವ ಕಣ್ಣು ಇನ್ನೂ ಸಿದ್ಧವಾಗಬೇಕಾಗಿತ್ತು.

೩. ಗಳಗನಾಥರ ಜೀವಿತಮಾರ್ಗ

ಹಾವೇರಿಯ ಹತ್ತಿರ ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿ ಗಳಗನಾಥವೆಂಬ ಊರಿದೆ. ಅಲ್ಲಿಯ ಗಳಗೇಶ್ವರ ದೇವಾಲಯವು ಚಾಲುಕ್ಯಕಾಲದ ಶಿಲ್ಪಕ್ಕೆ ಹೆಸರಾದುದು. ವೆಂಕಟೇಶ ಕುಲಕರ್ಣಿಯವರು ಜನಿಸಿದ್ದು ೧೮೬೯ರಲ್ಲಿ ಆ ಊರಿನಲ್ಲಿ. ಊರ ಹೆಸರನ್ನೇ ಅವರು ಕಾವ್ಯನಾಮವಾಗಿ ಧರಿಸಿದರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದರು. ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದ ಈ ವೃತ್ತಿಯು ಮುಂದಿನ ಸಂಪಾದಕತ್ವಕ್ಕೆ ಪೀಠಿಕೆಯಾಯಿತು. ಶಾಲೆ ಬಿಟ್ಟ ಹುಡುಗನಿಗೆ ನಾಲ್ಕಾರು ವರ್ಷಗಳಲ್ಲಿ ಓದು ಮರೆತುಹೋಗುವುದು, ಏಕೆಂದರೆ ಓದಬೇಕೆನಿಸುವ ಪುಸ್ತಕವು ಅವನ ಮನೆಯಲ್ಲಿಲ್ಲ. ಉಪಾಧ್ಯಾಯನಿಗಿಂತ ಚೆನ್ನಾಗಿ ಇದನ್ನು ಬಲ್ಲವರಾರು?

ಹತ್ತೊಂಬತ್ತನೆಯ ಶತಮಾನವು ಮುಗಿಯುವ ಮೊದಲೇ ಅವರ ‘ಪ್ರಬುದ್ಧ ಪದ್ಮನಯನೆ’ಯೆಂಬ ಕಾದಂಬರಿಯು ವಿದ್ಯಾವರ್ಧಕ ಸಂಘದ ಬಹುಮಾನವನ್ನು ಪಡೆದಿತ್ತು. ೧೯೦೭ರಲ್ಲಿ ಹಾವೇರಿ ತಾಲ್ಲೂಕಿನ ಅಗಡಿಯ ಆನಂದವನದಿಂದ, ಶ್ರೀ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ, ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯು ಆರಂಭವಾಯಿತು. ಗಳಗನಾಥರು ಸರಕಾರೀ ನೌಕರಿಯನ್ನು ಬಿಟ್ಟು ಅದರ ಸಂಪಾದಕತ್ವವನ್ನು ವಹಿಸಿದರು. ನಿಶ್ಚಿತವಾದ ಸಂಬಳವನ್ನು ತೊರೆದು ಚಂದಾದಾರರ ಔದಾರ್ಯವನ್ನು ನಂಬುವುದು ಸಂಸಾರಸ್ಥನಿಗೆ ಸಾಮಾನ್ಯ ಸಾಹಸವಲ್ಲ. ತರುವಾಯ ಅವರು ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಸಿದರು. ೧೯೪೨ರಲ್ಲಿ ದಿವಂಗತರಾಗುವ ತನಕ ಬರೆಹ, ಅಚ್ಚು, ಮಾರಾಟ ಇವು ಮೂರೂ ಅವರ ಜೀವನದಲ್ಲಿ ಬಿಡಿಸಲಾರದಂತೆ ಹೆಣೆದುಕೊಂಡಿದ್ದುವು. ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಅವರು ಮಾರಿದ ಸಂಗತಿಯು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಅದನ್ನು ತ್ಯಾಗದ ನಿದರ್ಶನವೆಂದು ಕೊಂಡಾಡುವುದು ಯುಕ್ತವೇ. ಅದರಲ್ಲಿ ಒಂದು ವ್ಯವಹಾರತತ್ತ್ವವೂ ಅಡಗಿದೆ: ಪುಸ್ತಕದಂಗಡಿಗಳಿಲ್ಲದ ನಾಡಿನಲ್ಲಿ ಓದುಗನ ಬಾಗಿಲಿಗೆ ಹೋದವನಿಗೆ ಮಾತ್ರ ಓದುಗನು ಯಾರೆಂಬುದು ತಿಳಿಯುವುದು.

೪. ಮಾಸಪತ್ರಿಕೆಯೂ ಕಥೆಯ ಕಂತುಗಳೂ

ಪತ್ರಿಕೆಯ ಹೆಸರಿನಲ್ಲಿ ‘ಸದ್ಬೋಧ’ವಿದೆ, ಅದನ್ನು ಜನರ ಕೈಗೆ ಮುಟ್ಟಿಸಿದ್ದಾದರೋ ಕಥೆ. ಮಮ್ಮಟನು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತ ಎಂದು ಮೂರಾಗಿ ವಿಂಗಡಿಸಿ ಕಾವ್ಯವನ್ನು ಮೂರನೆಯದಕ್ಕೆ ಸೇರಿಸಿರುವನು. ಗಳಗನಾಥರ ಪತ್ರಿಕೆಯಲ್ಲಿ ಕೊನೆಯ ಎರಡೂ ಏಕತ್ರ ಕಾಣಬರುವುವು. ಧರ್ಮನೀತಿಗಳನ್ನು ಕುರಿತ ಬರೆಹವು ಮಿತ್ರನ ಮಾತಿನಂತೆ ಹಿತವನ್ನು ಹೇಳುವುದು. ಅದರ ಪಕ್ಕದಲ್ಲಿಯೇ ನಡೆಯುವ ಕಾದಂಬರಿಯು ಕಾಂತೆಯ ಮಾತಿನಂತೆ ಮನಸ್ಸನ್ನು ಸೆಳೆಯುವುದು. ಕಥೆಗಾಗಿ ಕೊಂಡವನು ನೀತಿಯನ್ನೂ ಓದಿದನು. ನೀತಿಗಾಗಿ ತರಿಸಿದ ಹಿರಿಯನ ಮನೆಯಲ್ಲಿ ಹೆಂಗಸರೂ ಮಕ್ಕಳೂ ಕಥೆಯನ್ನು ಓದಲು ಅಡ್ಡಿಯಿಲ್ಲದಂತಾಯಿತು. ಕಾದಂಬರಿಯ ಓದು ಕೆಟ್ಟ ಚಟವೆಂಬ ಭಾವನೆಯಿದ್ದ ಕಾಲದಲ್ಲಿ ಇದು ಚತುರವಾದ ಸಂಧಾನವೆನ್ನಬೇಕು.

ಅವರ ಕಾದಂಬರಿಗಳಲ್ಲಿ ಹಲವು ಕಂತುಕಂತಾಗಿ ಪ್ರಕಟವಾದುವು. ಕಂತಿನ ಕಥೆಗೆ ತನ್ನದೇ ಆದ ನಿಯಮಗಳುಂಟು. ಪ್ರತಿಯೊಂದು ಪ್ರಕರಣವೂ ತನ್ನಷ್ಟಕ್ಕೆ ರಸವತ್ತಾಗಿರಬೇಕು; ಹಿಂದಿನ ತಿಂಗಳಿನದನ್ನು ಮರೆತವನಿಗೂ ಎಳೆ ಸಿಕ್ಕಬೇಕು; ಕೊನೆಯಲ್ಲಿ ಆಕಾಂಕ್ಷೆಯು ಉಳಿಯಬೇಕು. ಶಾಬ್ದಬೋಧಕ್ಕೆ ಆಕಾಂಕ್ಷೆಯು ಕಾರಣವೆಂದು ಶಾಸ್ತ್ರಜ್ಞರು ಹೇಳುವರು. ಚಂದಾಹಣದ ನವೀಕರಣಕ್ಕೂ ಅದೇ ಕಾರಣವೆಂದು ಸಂಪಾದಕನು ಕಂಡುಕೊಂಡನು. ಈ ಪದ್ಧತಿಯು ಕನ್ನಡಿಗರಿಗೆ ತೀರ ಹೊಸದೂ ಅಲ್ಲ. ಶ್ರಾವಣದಲ್ಲಿ ದಿನಕ್ಕೊಂದು ಸಂಧಿಯಂತೆ ಪುರಾಣ ಕೇಳಿದವರಿಗೆ, ನಾಳೆಯ ತನಕ ಕಥೆಯನ್ನು ಮನಸ್ಸಿನಲ್ಲಿ ಹಿಡಿದಿಡುವ ಅಭ್ಯಾಸವಿದ್ದೇ ಇತ್ತು. ಒಬ್ಬನು ಗಟ್ಟಿಯಾಗಿ ಓದಿ ಹತ್ತು ಜನರು ಕೇಳುವ ರೂಢಿಯೂ ಮುಂದುವರಿಯಿತು. ಆದುದರಿಂದ ಇಂಥ ಪತ್ರಿಕೆಯ ನಿಜವಾದ ವಾಚಕಸಂಖ್ಯೆಯನ್ನು ಚಂದಾದಾರರ ಪಟ್ಟಿಯಿಂದ ತಿಳಿಯಲಾಗದು. ಗಳಗನಾಥರ ವಾಕ್ಯಗಳಲ್ಲಿ ಕಥೆಯನ್ನು ನಿಲ್ಲಿಸಿ ವಾಚಕರನ್ನು ಸಂಬೋಧಿಸುವ ರೀತಿಯು ಪದೇಪದೇ ಬರುವುದು. ಇಂದಿನ ವಿಮರ್ಶಕನಿಗೆ ಅದು ದೋಷವಾಗಿ ತೋರಬಹುದು. ಪೌರಾಣಿಕನ ಮುಂದೆ ಕುಳಿತು ಬಂದ ಶ್ರೋತೃವನ್ನು ಅಚ್ಚಿನ ಪುಟಕ್ಕೆ ಕೈಹಿಡಿದು ಕರೆತರಲು ಅಂದು ಆ ದನಿಯೇ ಬೇಕಾಗಿತ್ತು.

೫. ಮರಾಠಿಯ ಋಣ

ಭಾಮಹನು ಗದ್ಯಪ್ರಬಂಧವನ್ನು ಕಥೆ, ಆಖ್ಯಾಯಿಕೆಗಳೆಂದು ವಿಭಾಗಿಸಿದನು. ದಂಡಿಯು ‘ಕಾವ್ಯಾದರ್ಶ’ದಲ್ಲಿ ಇವೆರಡೂ ಒಂದೇ ಜಾತಿಗೆ ಇಟ್ಟ ಎರಡು ಹೆಸರುಗಳೆಂದನು. ಮುಂದೆ ಬಾಣಭಟ್ಟನ ಕಥಾನಾಯಿಕೆಯ ಹೆಸರೇ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಈ ಹೊಸ ಪ್ರಕಾರದ ಹೆಸರಾಯಿತು. ‘ಕಾದಂಬರಿ’ಯೆಂಬ ಪದವನ್ನು ಎರಡು ಭಾಷೆಗಳು ಹಂಚಿಕೊಂಡಂತೆ ಕಾದಂಬರಿಗಳನ್ನೂ ಹಂಚಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಸಂಪಾದಕನೇ ಕಥೆಗಾರನಾಗಿ ಹೊಸ ವಾಚಕರನ್ನು ನಿರ್ಮಿಸಿದ ನಿದರ್ಶನಗಳು ಭಾರತದ ಬೇರೆ ಭಾಷೆಗಳಲ್ಲಿ ಮೊದಲೇ ಉಂಟು. ವಂಗದೇಶದಲ್ಲಿ ಬಂಕಿಮಚಂದ್ರರು ೧೮೭೨ರಲ್ಲಿ ‘ಬಂಗದರ್ಶನ’ವನ್ನು ಆರಂಭಿಸಿದರು. ಬಂಕಿಮರ ಕಾದಂಬರಿಗಳನ್ನು ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು (೧೮೪೫–೧೯೧೪) ಕನ್ನಡಕ್ಕೆ ತಂದು, ‘ಅವಕಾಶತೋಷಿಣಿ’ಯೆಂಬ ಪತ್ರಿಕೆಯನ್ನೂ ನಡೆಸಿದರು. ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರು (೧೮೬೪–೧೯೧೯) ೧೮೯೦ರಿಂದ ‘ಕರಮಣೂಕ’ ವಾರಪತ್ರಿಕೆಯಲ್ಲಿ ತಮ್ಮ ಕಾದಂಬರಿಗಳನ್ನು ಕಂತುಗಳಾಗಿ ಪ್ರಕಟಿಸಿದರು. ದಕ್ಷಿಣದ ಕನ್ನಡಿಗರಿಗೆ ವಂಗವು ಹೇಗೋ ಹಾಗೆ ಉತ್ತರದವರಿಗೆ ಮಹಾರಾಷ್ಟ್ರವು ಕಥೆಯ ಆಕರವಾಯಿತು. ಗಳಗನಾಥರು ಆಪಟೆಯವರ ಕೃತಿಗಳನ್ನು ಆಧರಿಸಿ ‘ಕಮಲಕುಮಾರಿ’, ‘ಕನ್ನಡಿಗರ ಕರ್ಮಕಥೆ’ ಮೊದಲಾದುವನ್ನು ರಚಿಸಿದರು.

ಇವುಗಳಲ್ಲಿ ‘ಕನ್ನಡಿಗರ ಕರ್ಮಕಥೆ’ಯು ವಿಶೇಷವಾಗಿ ವಿಚಾರಾರ್ಹವಾದುದು. ಅದರ ಮೂಲವಾದ ‘ವಜ್ರಾಘಾತ’ವು ೧೫೬೫ರ ಯುದ್ಧದಲ್ಲಿ ರಾಮರಾಜನು ಮಡಿದು ವಿಜಯನಗರವು ಹಾಳಾದುದನ್ನು ವಸ್ತುವಾಗಿ ಉಳ್ಳದ್ದು. ರಾಮರಾಜನ ಪ್ರಣಯದ ಫಲವಾಗಿ ಜನಿಸಿ ಶತ್ರುಪಕ್ಷದಲ್ಲಿ ಬೆಳೆದ ರಣಮಸ್ತಖಾನನ ಕಲ್ಪಿತವೃತ್ತಾಂತವು ಅದರ ಬೆನ್ನೆಲುಬು. ಮೂಲದ ಶೀರ್ಷಿಕೆಯು ಮೇಲಿನಿಂದ ಎರಗಿದ ಸಿಡಿಲನ್ನು ಹೇಳುವುದು. ಕನ್ನಡದ ಶೀರ್ಷಿಕೆಯು ಪೆಟ್ಟು ತಿಂದವರನ್ನು ಹೆಸರಿಡಿದು ಕರೆಯುವುದು. ‘ಕರ್ಮ’ವೆಂಬ ಪದದಲ್ಲಿ ದುರ್ದೈವವೂ ಇದೆ, ಸ್ವಂತ ಕೃತ್ಯದ ಫಲವೂ ಇದೆ. ಮರಾಠೀ ವಾಚಕನಿಗೆ ಅದು ನೆರೆಯ ಸಾಮ್ರಾಜ್ಯದ ಪತನ. ಕನ್ನಡ ವಾಚಕನಿಗೆ ತನ್ನ ಮನೆಯದೇ ಕಥೆ. ಈ ಒಂದು ಪದದ ಮಾರ್ಪಾಟಿನಲ್ಲಿ ಸಂಪಾದಕನ ದೃಷ್ಟಿಯೆಲ್ಲವೂ ವ್ಯಕ್ತವಾಗಿದೆ. ಪರಭಾಷೆಯ ಕಥೆಯನ್ನು ಓದುವವನು ಅದರಲ್ಲಿ ತನ್ನನ್ನು ಗುರುತಿಸಿಕೊಂಡಾಗ ಮಾತ್ರ ತನ್ನ ಭಾಷೆಯ ಓದುಗನಾಗುವನೆಂಬುದನ್ನು ಅವರು ಅರಿತಿದ್ದರು.

ಋಣವು ಶಾಶ್ವತವಾಗಿ ಉಳಿಯಲಿಲ್ಲ. ೧೯೨೩ರಲ್ಲಿ ಹೊರಬಂದ ‘ಮಾಧವ ಕರುಣಾವಿಲಾಸ’ವು ವಿದ್ಯಾರಣ್ಯರನ್ನೂ ವಿಜಯನಗರಸ್ಥಾಪನೆಯನ್ನೂ ವಸ್ತುವಾಗಿ ಇಟ್ಟುಕೊಂಡ ಸ್ವತಂತ್ರ ಕಾದಂಬರಿ. ಸಾಮ್ರಾಜ್ಯದ ಪತನವನ್ನು ಪರರ ಗ್ರಂಥದಿಂದ ಪಡೆದು ಹೇಳಿದವರು ಅದರ ಉದಯವನ್ನು ತಾವೇ ಕಟ್ಟಿಕೊಟ್ಟರು. ಅನುವಾದದಿಂದ ಹೊರಟು ರೂಪಾಂತರದ ಮೂಲಕ ಸ್ವತಂತ್ರರಚನೆಗೆ ಸಾಗುವ ಈ ದಾರಿಯು ಕನ್ನಡ ಗದ್ಯಕಥನವು ನಡೆದ ದಾರಿಯೇ ಆಗಿರುವುದು. ಇದೇ ಕಾಲದಲ್ಲಿ ಬಾಗಿಲಕೋಟೆಯ ಕೆರೂರ ವಾಸುದೇವಾಚಾರ್ಯರು (೧೮೬೬–೧೯೨೧) ವಕೀಲಿಯನ್ನು ನಡೆಸುತ್ತಲೇ ‘ಸಚಿತ್ರ ಭಾರತ’, ‘ಶುಭೋದಯ’ ಪತ್ರಿಕೆಗಳನ್ನು ಹೊರಡಿಸಿ, ‘ಇಂದಿರೆ’ ಎಂಬ ಸಾಮಾಜಿಕ ಕಾದಂಬರಿಯನ್ನೂ ಸಣ್ಣಕಥೆಗಳನ್ನೂ ಬರೆದರು. ಗಳಗನಾಥರು ಇತಿಹಾಸದ ಕಡೆಗೆ, ವಾಸುದೇವಾಚಾರ್ಯರು ಸಮಕಾಲೀನ ಸಂಸಾರದ ಕಡೆಗೆ ತಿರುಗಿದರೂ ಇಬ್ಬರಿಗೂ ಪತ್ರಿಕೆಯೇ ಪಾಠಶಾಲೆಯಾಗಿತ್ತು.

೬. ಗುಣದೋಷವಿವೇಚನೆ

ಗಳಗನಾಥರ ಕಥನದಲ್ಲಿ ದೋಷಗಳಿಲ್ಲವೆಂದು ಹೇಳಲಾಗದು. ಪಾತ್ರಗಳು ಸದ್ಗುಣ ದುರ್ಗುಣಗಳ ಮೂರ್ತಿಗಳಂತೆ ಎರಡು ಪಂಗಡಗಳಾಗಿ ನಿಲ್ಲುವುವು. ಸಂಸ್ಕೃತಪದಭೂಯಿಷ್ಠವಾದ ವರ್ಣನೆಗಳು ಕಥೆಯ ನಡಿಗೆಯನ್ನು ತಡೆಯುವುವು. ಬೋಧೆಯು ಕೆಲವೆಡೆ ರಸವನ್ನು ಮೀರುವುದು. ಇದಕ್ಕಿಂತ ಗುರುತರವಾದುದು ಇತಿಹಾಸವನ್ನು ಕುರಿತ ಆಕ್ಷೇಪ. ಐತಿಹಾಸಿಕ ಕಾದಂಬರಿಯಲ್ಲಿ ರಾಜರಾಜರ ಹೋರಾಟವು ಮತಮತಗಳ ಹೋರಾಟವಾಗಿ ಚಿತ್ರಿತವಾಗುವ ಸಂಭವವುಂಟು. ಆ ಕಾಲದ ಮರಾಠೀ ಕನ್ನಡ ಕಾದಂಬರಿಗಳೆರಡೂ ಈ ಸಂಭವಕ್ಕೆ ಹೊರತಾಗಿಲ್ಲ. ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನ ಯೋಧರಿದ್ದರು, ಸುಲ್ತಾನರ ಆಡಳಿತದಲ್ಲಿ ಹಿಂದೂ ಅಧಿಕಾರಿಗಳಿದ್ದರು ಎಂಬುದನ್ನು ಇತಿಹಾಸವು ಹೇಳುವುದು. ಬಹಮನಿ ಅರಸರು ೧೩೪೭ರಿಂದ ರಾಜಧಾನಿಯಾಗಿ ಇಟ್ಟುಕೊಂಡಿದ್ದ ಕಲಬುರ್ಗಿಯ ನೆರೆಯಲ್ಲಿ, ಲಾಡ್ಲೆ ಮಶಾಯಖರ ದರ್ಗಾಕ್ಕೆ ಉಭಯ ಮತದವರೂ ನಡೆದುಕೊಂಡು ಬಂದ ಆಳಂದದಲ್ಲಿ, ಇಂಥ ಕಾದಂಬರಿಯನ್ನು ಓದುವವನು ಕಾದಂಬರಿಯನ್ನು ಕಾದಂಬರಿಯೆಂದೇ ಓದಬೇಕು. ಕಾವ್ಯವು ಇತಿವೃತ್ತವನ್ನು ರಸಕ್ಕೆ ತಕ್ಕಂತೆ ಮಾರ್ಪಡಿಸಬಹುದೆಂದು ಆನಂದವರ್ಧನನು ಅನುಮತಿ ಕೊಟ್ಟಿರುವನು. ಮಾರ್ಪಟ್ಟುದನ್ನು ಪ್ರಮಾಣವೆಂದು ಹಿಡಿಯಲು ಅವನು ಅನುಮತಿ ಕೊಟ್ಟಿಲ್ಲ.

ಇಷ್ಟು ದೋಷಗಳಿದ್ದರೂ ಸಂಪಾದಕತ್ವದ ಫಲವು ಅಚಲವಾಗಿ ನಿಲ್ಲುವುದು. ಕಾದಂಬರಿಯ ಬೆಲೆಯನ್ನು ಇಂದಿನ ಅಭಿರುಚಿಯಿಂದ ಕಟ್ಟಬಹುದು. ಓದುವ ಅಭ್ಯಾಸವನ್ನು ಹುಟ್ಟಿಸಿದುದರ ಬೆಲೆಯನ್ನು ಆ ಅಭ್ಯಾಸವಿಲ್ಲದಿದ್ದ ಕಾಲವನ್ನು ನೆನೆದೇ ಕಟ್ಟಬೇಕು. ‘ಕನ್ನಡ ಕಾದಂಬರಿಯ ಪಿತಾಮಹ’ರೆಂಬ ಬಿರುದು ಅವರಿಗೆ ಸಂದಿರುವುದು, ಕನ್ನಡ ವಾಚಕರ ಉಪಾಧ್ಯಾಯರೆಂಬುದು ಅದಕ್ಕಿಂತಲೂ ನಿಖರವಾದ ಮಾತು. ಮುಂದೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೪೪ರಿಂದ ಎರಡು ದಶಕಗಳ ಕಾಲ ‘ಜೀವನ’ ಪತ್ರಿಕೆಯನ್ನು ನಡೆಸಿದಾಗ, ಸಣ್ಣಕಥೆಯನ್ನು ಬಲ್ಲ ವಾಚಕವರ್ಗವು ಅವರಿಗಾಗಿ ಕಾದಿತ್ತು. ೧೯೦೭ರ ಅಗಡಿಯಲ್ಲಿ ಹಾಗೆ ಕಾದಿದ್ದವರು ವಿರಳ.

೭. ಗಡಿಸೀಮೆಯ ಪ್ರಶ್ನೆ

ಆಳಂದ ಸೀಮೆಯ ಕನ್ನಡಕ್ಕೆ ಸಂಘಟಿತವಾದ ಬೆಂಬಲವು ತಡವಾಗಿ ಬಂದಿತು. ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರ್ಗಿಯಲ್ಲಿ ಸಾಹಿತ್ಯ ಸಮ್ಮೇಳನವು ನೆರೆದಾಗ ನಿಜಾಮ ಆಳ್ವಿಕೆಯು ಇನ್ನೂ ನಡೆಯುತ್ತಿತ್ತು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಮರುವರ್ಷವೇ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಅದೇ ಊರಿನಲ್ಲಿ ಸಮ್ಮೇಳನವು ಮತ್ತೆ ಸೇರಿತು. ೧೯೫೬ರ ನವೆಂಬರ್ ೧ರಂದು ಈ ತಾಲ್ಲೂಕುಗಳು ಏಕೀಕೃತ ರಾಜ್ಯಕ್ಕೆ ಸೇರಿದುವು. ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಸರಸ್ವತೀ ಗಂಗಾಧರನ ಕಡಗಂಚಿಯಲ್ಲಿಯೇ ನೆಲೆಗೊಂಡಿದೆ. ಶಾಲೆಯೂ ರಾಜ್ಯವೂ ವಿದ್ಯಾಪೀಠವೂ ದೊರೆತುವು. ಆದರೆ ಭಾಷೆಯು ಆಡಳಿತದ ಆಜ್ಞೆಯಿಂದ ಕಚೇರಿಗೆ ಬರಬಹುದೇ ಹೊರತು ಮನೆಯ ಮಾಡಿನೊಳಗೆ ಬರಲಾರದು. ಅಲ್ಲಿಗೆ ಅದನ್ನು ಕರೆದೊಯ್ಯುವುದು ಕಥೆಯೇ.

ಕಡಗಂಚಿಯ ಕವಿಯ ಕೃತಿಯು ದಕ್ಷಿಣದಿಂದ ಉತ್ತರಕ್ಕೆ ಹೋಯಿತು. ಗಳಗನಾಥರು ತಂದ ಕಥೆಯು ಉತ್ತರದಿಂದ ದಕ್ಷಿಣಕ್ಕೆ ಬಂದಿತು. ಕೊಡುಕೊಳೆಯ ಈ ಲೆಕ್ಕದಲ್ಲಿ ಯಾವ ಭಾಷೆಯೂ ಇನ್ನೊಂದಕ್ಕೆ ಸೋತಿಲ್ಲ. ಗಡಿಸೀಮೆಯಲ್ಲಿ ಭಾಷೆಯನ್ನು ಉಳಿಸಬೇಕೆನ್ನುವವನು ನೆರೆಭಾಷೆಯ ಕಥೆಗೆ ಬಾಗಿಲು ಮುಚ್ಚಬೇಕಾಗಿಲ್ಲ. ಅದನ್ನು ತನ್ನ ಮಾತಿನಲ್ಲಿ ಹೇಳಬಲ್ಲ ಸಂಪಾದಕನನ್ನು ಬೆಳೆಯಿಸಬೇಕು. ‘ಸದ್ಬೋಧ ಚಂದ್ರಿಕೆ’ಯ ಆರಂಭದ ಸಂಪುಟಗಳಲ್ಲಿರುವ ಕಂತುಗಳನ್ನು, ಅವು ತರುವಾಯ ಪುಸ್ತಕರೂಪದಲ್ಲಿ ಬಂದ ಪಾಠಗಳೊಡನೆಯೂ ಮರಾಠೀ ಮೂಲಗಳೊಡನೆಯೂ ಹೋಲಿಸಿ ನೋಡುವ ಕಾರ್ಯವು ವಿದ್ವಾಂಸರ ಗಮನಕ್ಕೆ ಅರ್ಹವಾಗಿದೆ. ಎರಡು ಭಾಷೆಗಳನ್ನೂ ಮನೆಮಾತಿನಂತೆ ಬಲ್ಲ ಆಳಂದ, ಅಫಜಲಪುರಗಳ ತರುಣರಿಗಿಂತ ಆ ಕಾರ್ಯಕ್ಕೆ ಯೋಗ್ಯರಾದ ಅಧಿಕಾರಿಗಳು ಬೇರೆಲ್ಲಿಯೂ ಸುಲಭವಾಗಿ ದೊರೆಯಲಾರರು.